ತೌಡು ಉಳಿದ ಅಕ್ಕಿ

ನಮ್ಮ ಬಾಲ್ಯದಲ್ಲಿ ಶಹಾಪುರದ ಮನೆಗಳಲ್ಲಿ ಅನ್ನವೆಂಬುದು ಹಬ್ಬದ ಮಾತಾಗಿತ್ತು. ನಿತ್ಯ ಜೋಳದ ರೊಟ್ಟಿ, ಪುಂಡಿಪಲ್ಯ. ಅಕ್ಕಿ ಕಾಣುತ್ತಿದ್ದುದು ಯುಗಾದಿಗೋ, ಬೀಗರು ಬಂದಾಗಲೋ. ಅವ್ವ ಒರಳಿಗೆ ಭತ್ತ ಸುರಿದು ಒನಕೆಯಿಂದ ಕುಟ್ಟುತ್ತಿದ್ದಳು. ಆ ಅಕ್ಕಿ ಕಂದುಬಣ್ಣದ್ದು. "ಸಾವ್ಕಾರರ ಮನಿ ಅನ್ನ ಮಲ್ಲಿಗಿ ಹೂವಿನಂಗ ಇರ್ತದ" ಎಂದು ಅವಳು ಹೇಳಿದಾಗ ನಾವು ನಮ್ಮ ತಾಟು ನೋಡಿಕೊಂಡು ನಾಚುತ್ತಿದ್ದೆವು. 1980ರ ದಶಕದಿಂದೀಚೆಗೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದು ಎಷ್ಟೋ ಜೋಳದ ಹೊಲಗಳು ಗದ್ದೆಗಳಾದವು. ಗಿರಣಿಯ ಬಿಳಿ ಅನ್ನ ನಮ್ಮ ದಿನದ ಊಟವೇ ಆಯಿತು. ಆಗ ನಾನೂ ಹಿಗ್ಗಿದವನೇ.

ನಾನು ನಿವೃತ್ತನಾದ ಮೇಲೆ ಮಡದಿಗೆ ಸಕ್ಕರೆ ಕಾಯಿಲೆ ಕಾಣಿಸಿತು. ಬಿಳಿ ಅನ್ನ ಕಡಿಮೆ ಮಾಡಿ, ರೊಟ್ಟಿ ಉಣ್ಣಿರೆಂದರು ವೈದ್ಯರು. ಮಣಿಕಟ್ಟಿನ ನೋವಿನಿಂದ ರೊಟ್ಟಿ ಬಡಿಯುವುದು ಅವಳಿಂದಾಗದು, ನನಗಂತೂ ಬಾರದು. ಅನ್ನವಿಲ್ಲದ ತಾಟಿನ ಮುಂದೆ ಅವಳು ಮೌನವಾಗಿ ಕೂರುವುದನ್ನು ನನ್ನಿಂದ ನೋಡಲಾಗಲಿಲ್ಲ.

ಗಿರಣಿಗೆ ಹೋಗಿ, ಹೊಟ್ಟು ಮಾತ್ರ ತೆಗೆ, ಪಾಲಿಷ್ ಬೇಡವೆಂದೆ. ಹುಡುಗ ನಕ್ಕು, "ದನಕ್ಕೇನ್ರಿ ಸರ?" ಎಂದ. ನನ್ನೊಳಗಿನ ಮೇಷ್ಟ್ರು ಸುಮ್ಮನಿರುವನೇ! ಜಾವಾ ದ್ವೀಪದಲ್ಲಿ ಪಾಲಿಷ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತದ್ದು, ತೌಡು ಉಳಿದ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಂಡದ್ದು, ಅದನ್ನು ಗಮನಿಸಿದ ಐಕ್‌ಮನ್ನರಿಗೆ 1929ರಲ್ಲಿ ನೊಬೆಲ್ ಬಂದದ್ದು, ಎಲ್ಲವನ್ನೂ ಹೇಳಿದೆ. ಅವನು ಕೇಳಿದನೋ ಇಲ್ಲವೋ, ಅಕ್ಕಿಯನ್ನಂತೂ ಕೊಟ್ಟ.

ಮೊದಲ ದಿನ ಬಿಳಿ ಅಕ್ಕಿಯಂತೆಯೇ ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿದೆ. ಅಗುಳು ಹಲ್ಲಿಗೆ ಕಲ್ಲಾಯಿತು. "ನೀವು ಮಾಡೀರಲ್ಲ, ಉಣ್ತೀನಿ ಬಿಡ್ರಿ" ಎಂದು ಅವಳು ಅಷ್ಟನ್ನೂ ಉಂಡಳು. ನನಗೆ ಗಂಟಲುಬ್ಬಿತು. ನಲವತ್ತು ವರ್ಷ ಅವಳ ಅಡುಗೆಯಲ್ಲಿ ಉಪ್ಪು ಹೆಚ್ಚು, ಹುಳಿ ಕಡಿಮೆ ಎಂದವನು ನಾನು.

ಈಗ ಕಲಿತಿದ್ದೇನೆ. ಮೂರು ತಾಸು ನೆನೆಸಬೇಕು. ನಮ್ಮ ಬೇಸಿಗೆಯಲ್ಲಿ ರಾತ್ರಿಯಿಡೀ ಬಿಟ್ಟರೆ ಹುಳಿವಾಸನೆ ಬರುತ್ತದೆ. ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು ಬೇಯಿಸಿ, ಮುಚ್ಚಳ ತೆರೆಯದೆ ಹತ್ತು ನಿಮಿಷ ಬಿಡಬೇಕು. ತೌಡಿನ ಎಣ್ಣೆ ಬೇಗ ಕಮಟುವುದರಿಂದ ಎರಡು ಕಿಲೋಗಿಂತ ಹೆಚ್ಚು ತರುವುದಿಲ್ಲ. ಇದೂ ಅನ್ನವೇ, ಅಳತೆ ಮೀರಬಾರದೆಂದು ವೈದ್ಯರು ಎಚ್ಚರಿಸಿದ್ದಾರೆ. ತೊಗರಿಬೇಳೆಯ ಸಾರು, ಶೇಂಗಾ ಹಿಂಡಿಯೊಡನೆ ಉಣ್ಣುವಾಗ ಅವ್ವನ ಒರಳಿನ ವಾಸನೆ ಬಂದಂತಾಗುತ್ತದೆ.

ಬೆಳಿಗ್ಗೆ ಒಂಬತ್ತಾದರೆ ಸಾಕು, ಒಳಗಿನಿಂದ ಪ್ರಶ್ನೆ ಬರುತ್ತದೆ: "ಅಕ್ಕಿ ನೆನಿ ಹಾಕೀರೇನ್ರಿ?"