ಸೀಸನ್ ಸೊನ್ನೆ

ನಮ್ಮ ಬಂಧುಬಳಗದಲ್ಲಿ ಟಿವಿ ಕೆಟ್ಟರೆ ರಿಪೇರಿಯವನನ್ನು ಕರೆಯುತ್ತಾರೆ. ಟಿವಿಯೊಳಗಿನ ಧಾರಾವಾಹಿ ಕಾಣೆಯಾದರೆ ನನ್ನನ್ನು. ಮನೆಯ ಡಿವಿಡಿಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ತುಂಬಿ 'ಕೋಡಿ' ತಂತ್ರಾಂಶದ ವಶಕ್ಕೆ ಕೊಟ್ಟಾಗಿನಿಂದ ಇದು ನನ್ನ ಸಂಬಳವಿಲ್ಲದ ಉದ್ಯೋಗ. ಅಪ್ಪ ತಾಲ್ಲೂಕು ಗ್ರಂಥಾಲಯದಲ್ಲಿ ಸಂಬಳ ಪಡೆದು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

ಕೋಡಿ ಹುಟ್ಟಿದ್ದು ಆಟದ ಪೆಟ್ಟಿಗೆಯಲ್ಲಿ. ಎಕ್ಸ್‌ಬಾಕ್ಸ್‌ನಲ್ಲಿ ಸಿನಿಮಾ ನೋಡುವ ಆಸೆಯಿಂದ 2002ರ ಸುಮಾರಿಗೆ ಹವ್ಯಾಸಿಗಳು ಬರೆದ ಪ್ರೋಗ್ರಾಮು ಎಕ್ಸ್‌ಬಿಎಂಸಿಯಾಗಿ ಬೆಳೆದು, 2014ರಲ್ಲಿ ಈ ಹೆಸರಿಟ್ಟುಕೊಂಡಿತು.

ಊರಿಗೆಲ್ಲ ಧಾರಾವಾಹಿ ತೋರಿಸುವ ಈ ತಂತ್ರಾಂಶ ತಾನು ಒಂದನ್ನೂ ನೋಡುವುದಿಲ್ಲ. ಫೈಲಿನ ಹೆಸರಲ್ಲಿ 'ಎಸ್01ಇ05' ಎಂದಿದ್ದರೆ ಮೊದಲ ಸೀಸನ್ನಿನ ಐದನೇ ಕಂತೆಂದು ತಿಳಿದು, ದಿ ಟಿವಿಡಿಬಿಯಂಥ ಅಂತರಜಾಲದ ಪಟ್ಟಿಯಿಂದ ಪೋಸ್ಟರು, ಕಥಾಸಾರ ತಂದು ಅಂಟಿಸುತ್ತದೆ. ಹಾಗಾಗಿ ಬಹಳಷ್ಟು ಕಾಯಿಲೆಗೆ ಹೆಸರು ತಿದ್ದುವುದೇ ಮದ್ದು.

"ಭಾವ, ನಾನು ಹಾಕಿದ್ದು ಅಮೆರಿಕದ 'ದಿ ಆಫೀಸ್'. ಪೋಸ್ಟರಲ್ಲಿ ಬೇರೆ ಯಾರೋ ಕೂತಿದ್ದಾರಲ್ಲ?" ಎಂದು ನಾದಿನಿ ಕೇಳಿದಳು. ಅದು ಬ್ರಿಟನ್ನಿನ 2001ರ ಮೂಲ. ಫೋಲ್ಡರಿನ ಹೆಸರಿಗೆ 2005 ಸೇರಿಸಿದರೆ ಅಮೆರಿಕದವರು ಬರುತ್ತಾರೆ. 'ಫೈರ್‌ಫ್ಲೈ' ತಲೆಬುಡವಿಲ್ಲದೆ ಓಡುತ್ತಿದೆಯೆಂದು ಅವಳ ಮಗನ ದೂರು. 2002ರಲ್ಲಿ ಫಾಕ್ಸ್ ವಾಹಿನಿ ಅದರ ಮೊದಲ ಕಂತನ್ನು ಎಲ್ಲಕ್ಕಿಂತ ಕೊನೆಗೆ ಪ್ರಸಾರ ಮಾಡಿತ್ತು. ಪ್ರಸಾರದ ಕ್ರಮ ಬಿಟ್ಟು ಡಿವಿಡಿ ಕ್ರಮ ಆರಿಸಿದರೆ ಕಥೆಗೆ ತಲೆ ಬರುತ್ತದೆ.

ಅಪ್ಪನದು ತಾತ್ವಿಕ ಪ್ರಶ್ನೆ. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' 1980ರ ದಶಕದ್ದು. 2006ರಲ್ಲಿ ಕವಿತಾ ಲಂಕೇಶ್ ಮತ್ತಷ್ಟು ಕಂತು ನಿರ್ದೇಶಿಸಿದರು. "ಅದು ಮುಂದಿನ ಸೀಸನ್ನೋ, ಹೊಸ ಧಾರಾವಾಹಿಯೋ?" ಎನ್ನುತ್ತಾರೆ. ಅಂತರಜಾಲದ ಪಟ್ಟಿ ಹೇಗೆ ಹೇಳುತ್ತದೋ ಹಾಗೆ ಎಂದರೆ ಅವರಿಗೆ ಸಮಾಧಾನವಿಲ್ಲ.

ತಂತ್ರಾಂಶ ನಿಜಕ್ಕೂ ಕಕ್ಕಾಬಿಕ್ಕಿಯಾಗುವುದು ನಮ್ಮ ದೈನಿಕ ಧಾರಾವಾಹಿಗಳೆದುರು. ಸೀಸನ್ನಿಲ್ಲದೆ ವರ್ಷಗಟ್ಟಲೆ ಹರಿಯುವ ಅವಕ್ಕೆ ಫೈಲಿನ ಹೆಸರಲ್ಲಿ ಪ್ರಸಾರದ ತಾರೀಖೇ ಗತಿ. ವಿಶೇಷ ಕಂತುಗಳಿಗೆಂದು 'ಸೀಸನ್ ಸೊನ್ನೆ' ಎಂಬ ಅಟ್ಟವಿದೆ. ಮಹಾಸಂಚಿಕೆಯನ್ನು ಅಲ್ಲಿಗೇರಿಸಿದರೆ ನಾಯಕಿಯ ಮದುವೆಯೇ ಕಥೆಯಿಂದ ತಪ್ಪಿಹೋಗುತ್ತದೆ.

ಓದುಗರ ಸಮಯ ಉಳಿಸಿ ಎಂಬುದು ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ನಾಲ್ಕನೆಯದು. ಅಪ್ಪನಿಗೆ ಅದು ಬಾಯಿಪಾಠ. ಹಿಂದೆ ಟ್ಯೂನರ್ ಕಾರ್ಡಿನಲ್ಲಿ ರೆಕಾರ್ಡ್ ಮಾಡಿಟ್ಟ ಧಾರಾವಾಹಿಯನ್ನು ಅಮ್ಮ ಈಚೆಗೆ ಕೇಳಿದಳು: "ಆ ಹುಡುಗಿ ತಾಳಿ ಕಳಕೊಂಡಳಲ್ಲ, ನಮ್ಮನೇಲಿ ಗ್ಯಾಸ್ ಮುಗಿದಿತ್ತಲ್ಲ, ಆವತ್ತಿನದು ಹಾಕೋ." ನಾನು ರಿಮೋಟ್ ಹಿಡಿದು ತಡಕಾಡುತ್ತಿದ್ದರೆ, ಅಪ್ಪ ಎದ್ದುಹೋಗಿ ಹಳೇ ಗ್ಯಾಸ್ ಬುಕ್ ತಂದು, ಸಿಲಿಂಡರ್ ಬಂದ ತಾರೀಖಿನಿಂದ ಒಂದು ದಿನ ಕಳೆದು ಹೇಳಿದರು. ಕಂತು ಸಿಕ್ಕಿತು. ಕೋಡಿಯ ಮುಂದಿನ ಆವೃತ್ತಿಯಲ್ಲಾದರೂ ಇಂಥದ್ದೊಂದು ಮೆನು ಬರಲಿ.