ಎರಡೇ ಮಾತಿನಲ್ಲಿ ಹೇಳಿ

ಡೊಂಬಿವಲಿ ಸ್ಟೇಷನ್, ಬೆಳಿಗ್ಗೆ ಎಂಟು ಗಂಟೆ. ಮುಂಬೈಗೆ ಹೋಗುವ ಲೋಕಲ್ ರೈಲು ನಿಲ್ಲುವ ಮೊದಲೇ ಜನ ನಿಮ್ಮನ್ನು ಒಳಗೆ ನೂಕುತ್ತಾರೆ. ಬ್ಯಾಗನ್ನು ಎದೆಗೆ ತಿರುಗಿಸಿಕೊಂಡಿದ್ದೀರಿ. ಒಳಗೆ ನಾಲ್ಕು ಪುಟದ ಪ್ರೆಸ್ ನೋಟ್: ಕನ್ನಡದಲ್ಲಿ ಹೇಳಿದರೆ ಸಾಕು, ಹಣ ಕಳಿಸುವ ನಿಮ್ಮ ಆ್ಯಪ್. ಎರಡು ವರ್ಷದ ದುಡಿಮೆ. ಪತ್ರಿಕೆಯೊಂದರ ಟೆಕ್ ವರದಿಗಾರ್ತಿ ಹತ್ತು ನಿಮಿಷ ಕೊಟ್ಟಿದ್ದಾರೆ.

ಠಾಣೆ, ಕುರ್ಲಾ, ದಾದರ್. ಬೆವರಿಗೆ ಅಂಗಿ ಬೆನ್ನಿಗಂಟಿದೆ. ಸಿಎಸ್‌ಎಂಟಿಯಲ್ಲಿಳಿದು ಫೋರ್ಟಿನ ಗಲ್ಲಿಯ ಉಡುಪಿ ಹೋಟೆಲಿಗೆ ನಡೆಯುತ್ತೀರಿ. ಗಲ್ಲಾದ ಮೇಲಿನ ಸೌಂಡ್‌ಬಾಕ್ಸ್ ಬಂದ ದುಡ್ಡನ್ನು ಹಿಂದಿಯಲ್ಲಿ ಕೂಗುತ್ತಿದೆ.

ವರದಿಗಾರ್ತಿ ನಿಮ್ಮ ಪ್ರೆಸ್ ನೋಟ್ ಮಡಚಿ ಕಾಫಿ ಲೋಟದ ಪಕ್ಕ ಇಡುತ್ತಾರೆ. “ಎರಡೇ ಮಾತಿನಲ್ಲಿ ಹೇಳಿ.”

“ಕೃತಕ ಬುದ್ಧಿಮತ್ತೆಯ ಕ್ರಾಂತಿಕಾರಿ...”

“ಯುಪಿಐ ಬಂದದ್ದು 2016ರಲ್ಲಿ. 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ಸಾದಾ ಫೋನಿಗೂ ‘ಯುಪಿಐ 123ಪೇ’ ತಂದಿತು. ಕರೆ ಮಾಡಿಯೇ ಹಣ ಕಳಿಸಬಹುದು. ಅದೆಲ್ಲ ಇರುವಾಗ ನಿಮ್ಮದು ಯಾರಿಗೆ ಬೇಕು?”

ಬಾಯಿ ಒಣಗುತ್ತದೆ. ಅಮ್ಮ ನೆನಪಾಗುತ್ತಾಳೆ. ಕುಂದಾಪುರದಿಂದ ಬಂದು ಮೂವತ್ತು ವರ್ಷ. ಪರದೆಯ ಮೇಲಿನ ಅಕ್ಷರ ತಿಳಿಯದು. ಕಿರಾಣಿ ಅಂಗಡಿಯ ಹುಡುಗನ ಕೈಗೆ ಫೋನ್ ಕೊಟ್ಟು, ಪಿನ್ ಕೂಡ ಅವನಿಗೇ ಹೇಳಿಬಿಡುತ್ತಾಳೆ. ಅದನ್ನೇ ಹೇಳುತ್ತೀರಿ.

ವರದಿಗಾರ್ತಿ ಪೆನ್ನಿನ ಕ್ಯಾಪ್ ಬಿಚ್ಚುತ್ತಾರೆ.

“ನಿಮ್ಮ ಆ್ಯಪಿನಲ್ಲೂ ಪಿನ್ ಬಾಯಲ್ಲೇ ಹೇಳಬೇಕಾ?”

“ಇಲ್ಲ. ಮೊತ್ತ, ಹೆಸರು ಮಾತ್ರ ಮಾತಿನಲ್ಲಿ. ಪಿನ್ ಅಮ್ಮನೇ ಒತ್ತಬೇಕು. ಅವಳಿಗೆ ಅಂಕಿಗಳ ಗುರುತಿದೆ.”

“ಎಲ್ಲಿ ಎಡವುತ್ತೆ?”

ಒಂದು ಕ್ಷಣ ತಡೆಯುತ್ತೀರಿ. “ಅಮ್ಮ ಕುಂದಾಪ್ರ ಕನ್ನಡದಲ್ಲಿ ಹೇಳಿದರೆ ಕೆಲವೊಮ್ಮೆ ತಿಳಿಯುವುದಿಲ್ಲ. ಗದ್ದಲದಲ್ಲಂತೂ ಕೇಳಿಸುವುದೇ ಇಲ್ಲ. ಅದಕ್ಕೇ ಮೊತ್ತವನ್ನು ಎರಡು ಸಲ ಓದಿಹೇಳುತ್ತದೆ.”

ಅದನ್ನೂ ಬರೆದುಕೊಳ್ಳುತ್ತಾರೆ. “ಭಾನುವಾರ ಡೊಂಬಿವಲಿಗೆ ಬರ್ತೀನಿ. ಅಮ್ಮನ ಜೊತೆ ಅಂಗಡಿಗೆ ಹೋಗೋಣ. ಅಚ್ಚಾಗುತ್ತೆ ಅಂತ ಮಾತು ಕೊಡಲಾರೆ.”

ಲೋಟ ಬರಿದಾಗಿದೆ. ಪ್ರೆಸ್ ನೋಟ್ ಮೇಜಿನ ಮೇಲೇ ಉಳಿದಿದೆ.

ಪತ್ರಿಕೆಗೆ ಸುದ್ದಿ ಹೇಳಹೊರಟವರಲ್ಲಿ ಒಂದು ವಿನಂತಿ. ವರದಿಗಾರರ ಇನ್‌ಬಾಕ್ಸಿನಲ್ಲಿ ಕ್ರಾಂತಿಗಳಿಗೆ ಬರವಿಲ್ಲ. ನಿಮ್ಮ ಯಂತ್ರದಿಂದ ಯಾರ ಕಷ್ಟ ಕಳೆಯಿತೋ ಅವರನ್ನು ಪರಿಚಯಿಸಿ. ಅದರ ಕೊರತೆಯನ್ನು ಕೇಳುವ ಮೊದಲೇ ಹೇಳಿಬಿಡಿ. ಓದುಗರು ನಂಬುವುದು ಅಂಥ ಸುದ್ದಿಯನ್ನೇ.