ವಕೀಲನ ಗಂಟಲು

ರೈಲಿನಲ್ಲಿ ಹೊತ್ತು ಹೋಗಲಿ ಎಂದು ನನ್ನ ಸೋದರಳಿಯ ಈಚೆಗೆ ಒಂದು ದಪ್ಪ ಇಂಗ್ಲಿಷ್ ಕಾದಂಬರಿಯನ್ನು ಕೈಗಿತ್ತ. “ನಿಮ್ಮ ಕಸುಬಿನದೇ ಕಥೆ ಮಾವ, ಹಿಡಿದರೆ ಬಿಡಲಾರಿರಿ” ಎಂದ. ಕಥೆ ಇಷ್ಟೆ: ಕೊಲೆಯ ಆರೋಪ ಹೊತ್ತ ಒಬ್ಬ ರಾಜಕಾರಣಿ, ಊರೆಲ್ಲ ಅವನ ವಿರುದ್ಧ, ಅವನ ಪರವಾಗಿ ಒಬ್ಬನೇ ಒಬ್ಬ ವಕೀಲ. ತುಮಕೂರಿನಲ್ಲಿ ಹೆಣ ಸಿಕ್ಕಿತು. ತಿಪಟೂರು ದಾಟುವ ಹೊತ್ತಿಗೆ ಕೊಂದವರು ಯಾರೆಂದು ನನಗೆ ಹೊಳೆದಿತ್ತು. ಆದರೂ ಅಳಿಯ ಹೇಳಿದಂತೆ ಬಿಡಲಾಗಲಿಲ್ಲ, ಓದಿ ಮುಗಿಸಿದೆ. ಕಡೆಯ ಅಧ್ಯಾಯದಲ್ಲಿ ವಕೀಲನ ಪಾಟೀಸವಾಲಿಗೆ ಸಾಕ್ಷಿ ಕುಸಿದು ಕುಳಿತ, ಸತ್ಯ ಹೊರಬಿತ್ತು, ರಾಜಕಾರಣಿ ಬಿಡುಗಡೆಯಾದ. ಎಲ್ಲ ಸೊಗಸಾಗಿಯೇ ಇತ್ತು. ಒಂದು ಸಂಗತಿ ಮಾತ್ರ ನನ್ನನ್ನು ಕಾಡಿತು. ಅಷ್ಟು ಪುಟಗಳಲ್ಲಿ ಆ ವಕೀಲನ ಗಂಟಲು ಒಮ್ಮೆಯೂ ಒಣಗುವುದಿಲ್ಲ.

ವಕೀಲನ ಗಂಟಲು ಒಣಗುವುದೆಂದರೇನು ಎಂಬುದನ್ನು ನಾನು ಬಲ್ಲೆ. ವೃತ್ತಿಗೆ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಪಕ್ಕದ ಹಳ್ಳಿಯೊಂದರಲ್ಲಿ ಚುನಾವಣೆಯ ಜಗಳ ಕೈಮೀರಿ ಒಂದು ಕೊಲೆಯಾಯಿತು. ಸತ್ತವನು ಜನಕ್ಕೆ ಬೇಕಾದವನು. ಆರೋಪಿ ಎದುರು ಪಕ್ಷದ ಮುಖಂಡ. ಅವನ ವಕಾಲತ್ತನ್ನು ನಮ್ಮೂರ ವಕೀಲರು ಒಬ್ಬೊಬ್ಬರೂ ಒಂದೊಂದು ನೆಪ ಹೇಳಿ ತಳ್ಳಿಹಾಕಿದರು. ನಮ್ಮ ಸೀನಿಯರ್ ರಾಯರು ಮಾತ್ರ ತೆಗೆದುಕೊಂಡರು. ಜಾಮೀನು ಅರ್ಜಿಯ ವಿಚಾರಣೆಯ ದಿನ ಅವರಿಗೆ ವಿಷಮ ಜ್ವರ. ಫೈಲು ನನ್ನ ಕಂಕುಳಿಗೆ ಬಂತು.

ಕೋರ್ಟಿನ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಯಾರೂ ನನ್ನನ್ನು ಮುಟ್ಟಲಿಲ್ಲ, ಬೈಯಲೂ ಇಲ್ಲ. ದಾರಿ ಬಿಟ್ಟುಕೊಟ್ಟು ಸುಮ್ಮನೆ ನೋಡಿದರು, ಅಷ್ಟೆ. ಆ ನೋಟ ಸಾಕಾಯಿತು. ನ್ಯಾಯಾಧೀಶರು “ಹೇಳಿ” ಎಂದಾಗ ನಾಲಿಗೆ ಅಂಗಳಕ್ಕೆ ಅಂಟಿಕೊಂಡಿತ್ತು. ಮೂರೋ ನಾಲ್ಕೋ ವಾಕ್ಯ ಹೇಳಿದೆನೆಂದು ಕಾಣುತ್ತದೆ. ಅರ್ಜಿ ವಜಾ ಆಯಿತು. ಆ ರಾತ್ರಿ ಮನೆಯಲ್ಲಿ ದೀಪ ಹಚ್ಚಿಕೊಂಡು ಕುಳಿತು ಹಗಲು ಹೇಳಬೇಕಾಗಿದ್ದ ವಾದವನ್ನು ಹನ್ನೊಂದು ಪುಟ ಬರೆದೆ. ಈಗಲೂ ಹೇಳುತ್ತೇನೆ, ಅದು ಒಳ್ಳೆಯ ವಾದ.

ಮಾರನೆಯ ದಿನ ಆ ಕಾಗದಗಳನ್ನು ರಾಯರಿಗೆ ತೋರಿಸಿದೆ. ಜ್ವರದಲ್ಲಿಯೇ ಎದ್ದು ಕುಳಿತು ಪೂರ್ತಿ ಓದಿದರು. ಬೈಯಲಿಲ್ಲ. “ನಿನಗಿಂತ ದೊಡ್ಡವನೊಬ್ಬ ಹೀಗೆಯೇ ಮಾಡಿದ್ದಾನೆ, ಕೇಳು” ಎಂದು ರೋಮಿನ ಕಥೆಯನ್ನು ತೆಗೆದರು. ಅದನ್ನು ಆಮೇಲೆ ನಾನೇ ಹುಡುಕಿ ಓದಿಕೊಂಡಿದ್ದೇನೆ. ಕಾದಂಬರಿಕಾರರು ಕಟ್ಟಿದ ಯಾವ ಕಥೆಗೂ ಅದು ಕಡಿಮೆಯದಲ್ಲ.

ಕ್ರಿಸ್ತಪೂರ್ವ 52ನೆಯ ಇಸವಿ, ಜನವರಿ 18. ರೋಮಿನಿಂದ ದಕ್ಷಿಣಕ್ಕೆ ಹೋಗುವ ಆಪ್ಪಿಯನ್ ಹೆದ್ದಾರಿಯಲ್ಲಿ, ಬೊವಿಲ್ಲೆ ಎಂಬ ಊರಿನ ಬಳಿ, ಇಬ್ಬರು ರಾಜಕಾರಣಿಗಳು ಎದುರುಬದುರಾದರು. ಒಬ್ಬ ಮಿಲೋ, ಆ ವರ್ಷ ಕಾನ್ಸಲ್ ಪದವಿಗೆ ಉಮೇದುವಾರ. ಹೆಂಡತಿಯೊಡನೆ ಗಾಡಿಯಲ್ಲಿ ಹೊರಟಿದ್ದ. ಇನ್ನೊಬ್ಬ ಕ್ಲೋಡಿಯಸ್, ಅದಕ್ಕೆ ಕೆಳಗಿನ ಪ್ರೀಟರ್ ಪದವಿಗೆ ಉಮೇದುವಾರ. ಕುದುರೆಯ ಮೇಲೆ ಊರಿಗೆ ಹಿಂದಿರುಗುತ್ತಿದ್ದ. ಇಬ್ಬರೂ ವರ್ಷಗಳಿಂದ ಬೀದಿಯಲ್ಲಿ ಆಳುಗಳನ್ನಿಟ್ಟು ಹೊಡೆದಾಡಿಸಿದವರು. ಕ್ಲೋಡಿಯಸನ ಹಿಂದೆ ಕತ್ತಿ ಹಿಡಿದ ಸುಮಾರು 30 ಗುಲಾಮರು. ಮಿಲೋವಿನ ಪರಿವಾರ ಅದಕ್ಕಿಂತ ದೊಡ್ಡದು. ಅದರಲ್ಲಿ ಹೆಸರಾಂತ ಗ್ಲಾಡಿಯೇಟರ್ ಮಲ್ಲರೂ ಇದ್ದರು. ಎರಡು ತಂಡಗಳೂ ಒಂದನ್ನೊಂದು ಹಾದುಹೋಗುವಾಗ ಬಾಲದಲ್ಲಿ ಜಗಳ ಹುಟ್ಟಿತು. ಮಲ್ಲನೊಬ್ಬನ ಈಟಿ ಕ್ಲೋಡಿಯಸನ ಭುಜಕ್ಕೆ ನಾಟಿತು. ಅವನನ್ನು ಹತ್ತಿರದ ಛತ್ರಕ್ಕೆ ಹೊತ್ತೊಯ್ದರು. ಗಾಯಗೊಂಡು ಬದುಕಿದ ಶತ್ರು ಸತ್ತ ಶತ್ರುವಿಗಿಂತ ಅಪಾಯವೆಂದು ಮಿಲೋ ಲೆಕ್ಕ ಹಾಕಿದ. ಆಳುಗಳು ಕ್ಲೋಡಿಯಸನನ್ನು ಛತ್ರದಿಂದ ಹೊರಗೆಳೆದು ಕೊಂದು ರಸ್ತೆಯಲ್ಲಿ ಬಿಟ್ಟುಹೋದರು. ಆ ದಾರಿಯಲ್ಲಿ ಬಂದ ಸೆನೆಟಿನ ಸದಸ್ಯನೊಬ್ಬ ಹೆಣವನ್ನು ತನ್ನ ಪಲ್ಲಕ್ಕಿಯಲ್ಲಿ ಊರಿಗೆ ಕಳುಹಿಸಿದ.

ಮಾರನೆಯ ದಿನ ರೋಮ್ ಹೊತ್ತಿಕೊಂಡಿತು. ಇದು ಅಲಂಕಾರದ ಮಾತಲ್ಲ. ಕ್ಲೋಡಿಯಸನ ಕಡೆಯ ಜನ ಹೆಣವನ್ನು ಸೆನೆಟಿನ ಸಭಾಭವನಕ್ಕೇ ಒಯ್ದು, ಅಲ್ಲಿನ ಬೆಂಚು ಮೇಜುಗಳನ್ನೂ ದಫ್ತರಗಳನ್ನೂ ಒಟ್ಟಿ ಚಿತೆ ಮಾಡಿದರು. ಹೆಣದೊಡನೆ ಭವನವೂ ಬೆಂದುಹೋಯಿತು. ಸೆನೆಟು ದಿಕ್ಕುಗಾಣದೆ ಸೇನಾಪತಿ ಪಾಂಪೆಯನ್ನು ಏಕೈಕ ಕಾನ್ಸಲನನ್ನಾಗಿ ಮಾಡಿತು. ಪಾಂಪೆ ಈ ಮೊಕದ್ದಮೆಗಾಗಿಯೇ ಹೊಸ ಕಾನೂನು ತಂದ. ಮೊದಲು ಸಾಕ್ಷಿಗಳ ವಿಚಾರಣೆ. ಕಡೆಗೆ ಒಂದೇ ದಿನದಲ್ಲಿ ವಾದ, ಆರೋಪಿಸುವವರಿಗೆ ಎರಡು ಗಂಟೆ, ಆರೋಪಿಗೆ ಮೂರು ಗಂಟೆ.

ಮಿಲೋವಿನ ಪರ ವಾದಿಸಲು ಎದ್ದವನು ಸಿಸೆರೋ. ರೋಮಿನಲ್ಲಿ ಅವನಿಗೆ ಸಮನಾದ ವಾಗ್ಮಿ ಇನ್ನೊಬ್ಬನಿರಲಿಲ್ಲ. ಅವನಿಗೂ ಈ ಇಬ್ಬರಿಗೂ ಹಳೆಯ ಲೆಕ್ಕವಿತ್ತು. ಕ್ರಿ.ಪೂ. 58ರಲ್ಲಿ ಅವನನ್ನು ದೇಶಾಂತರ ಓಡಿಸಿದವನು ಕ್ಲೋಡಿಯಸ್. ಮರುವರ್ಷ ಅವನನ್ನು ಮರಳಿ ಕರೆಸಲು ಹೋರಾಡಿದವರಲ್ಲಿ ಮಿಲೋ ಒಬ್ಬ. ಹೀಗೆ ಕಕ್ಷಿಗಾರನು ವಕೀಲನಿಗೆ ಸಾಲ ಕೊಟ್ಟವನಾಗಿದ್ದ.

ವಿಚಾರಣೆಯ ಮೊದಲನೆಯ ದಿನವೇ, ಮಿಲೋವಿನ ಕಡೆಯಿಂದ ಪಾಟೀಸವಾಲಿಗೆ ಎದ್ದವನು ಜನರ ಗದ್ದಲಕ್ಕೆ ಹೆದರಿ ನ್ಯಾಯಾಧಿಪತಿಯ ಪೀಠದ ಮರೆ ಹೊಕ್ಕನಂತೆ. ವಾದದ ದಿನ ರೋಮಿನ ಅಂಗಡಿಗಳೆಲ್ಲ ಮುಚ್ಚಿದ್ದವು. ವಿಚಾರಣೆ ನಡೆಯುವ ಚೌಕದ ಸುತ್ತಲೂ ಪಾಂಪೆಯ ಸಿಪಾಯಿಗಳು. ಬಂದ ಕೂಡಲೇ ಆಯುಧಗಳನ್ನು ಕಂಡು ಅಂಜಬಾರದೆಂದು ಮಿಲೋ ತನ್ನ ವಕೀಲನನ್ನು ಪಲ್ಲಕ್ಕಿಯಲ್ಲಿ ಕರೆಸಿ, ಪಂಚರು ಸೇರುವ ತನಕ ಅದರಲ್ಲೇ ಕೂರಿಸಿದ್ದನೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಆರೋಪಿಗೆ ಅಂಜಿಕೆಯಿಲ್ಲ, ವಕೀಲನಿಗೆ ಧೈರ್ಯ ಹೇಳುವುದೇ ಆರೋಪಿಯ ಕೆಲಸ! ಸಿಸೆರೋ ಪಲ್ಲಕ್ಕಿಯಿಂದ ಇಳಿದ. ಸುತ್ತ ಆಯುಧಗಳು ಮಿಂಚುತ್ತಿದ್ದವು. ಮೈ ನಡುಗಿತು, ಸ್ವರ ಕಟ್ಟಿತು. ಅವನು ಬಾಯಿ ತೆರೆಯುತ್ತಲೇ ಕ್ಲೋಡಿಯಸನ ಕಡೆಯವರು ಅರಚಿದರು. ಹೇಗೋ ಮಾತು ಮುಗಿಸಿದ. ಪಂಚರು 51 ಜನ. ಅಪರಾಧಿ ಎಂದವರು 38, ಅಲ್ಲವೆಂದವರು 13. ಮಿಲೋ ಇಂದಿನ ಮಾರ್ಸೇಲ್ಸ್ ಆದ ಮಸ್ಸೀಲಿಯಕ್ಕೆ ದೇಶಭ್ರಷ್ಟನಾಗಿ ಹೋದ.

ಸಿಸೆರೋ ಆಮೇಲೆ ಆ ಭಾಷಣವನ್ನು ಸಾವಧಾನವಾಗಿ ಹೊಸದಾಗಿ ಬರೆದ. ಇಂದಿಗೂ ಲ್ಯಾಟಿನ್ ಓದುವವರು ಅವನ ಶ್ರೇಷ್ಠ ಭಾಷಣಗಳಲ್ಲಿ ಅದನ್ನು ಎಣಿಸುತ್ತಾರೆ. ಅದರ ಪ್ರತಿಯೊಂದು ಮಿಲೋವಿಗೂ ಹೋಯಿತು. ಇದನ್ನು ಅಂದೇ ಆಡಿದ್ದರೆ ತನಗೆ ಮಸ್ಸೀಲಿಯದ ಇಷ್ಟು ರುಚಿಯಾದ ಮೀನು ತಿನ್ನುವ ಭಾಗ್ಯ ತಪ್ಪಿಹೋಗುತ್ತಿತ್ತು ಎಂದು ಅವನು ಉತ್ತರ ಕಳಿಸಿದನಂತೆ. ಕ್ಯಾಸಿಯಸ್ ಡಿಯೋ ಎಂಬ ಚರಿತ್ರಕಾರ ಇದನ್ನು ದಾಖಲಿಸಿದ್ದಾನೆ.

ರಾಯರು ಇಲ್ಲಿಗೆ ಕಥೆ ನಿಲ್ಲಿಸಿ ಕೆಮ್ಮು ಬರುವಷ್ಟು ನಕ್ಕರು. ನನ್ನ ಹನ್ನೊಂದು ಪುಟಗಳನ್ನು ಮಡಿಸಿ ಕೈಗಿತ್ತರು. ನನಗೂ ನಗು ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆ ಬಂತು.

ಬಹಳ ವರ್ಷ ನಾನು ಈ ಕಥೆಯನ್ನು ಬಾರ್ ರೂಮಿನಲ್ಲಿ ಹೊಸ ಹುಡುಗರಿಗೆ ಹೀಗೆಯೇ ಹೇಳಿ ನಗಿಸುತ್ತಿದ್ದೆ. ವಯಸ್ಸಾದಂತೆ ಇದರಲ್ಲಿ ಬೇರೆ ಏನೋ ಕಾಣಿಸತೊಡಗಿತು. ನಮಗೆ ಈಗ ಸಿಕ್ಕುವುದು ಬರೆದ ಭಾಷಣ. ಆಡಿದ ಭಾಷಣವನ್ನೂ ಅಂದೇ ಯಾರೋ ಬರೆದುಕೊಂಡಿದ್ದರು. ಒಂದು ಶತಮಾನ ಕಳೆದ ಮೇಲೆ ಟಿಪ್ಪಣಿ ಬರೆದ ಅಸ್ಕೋನಿಯಸನ ಕಾಲಕ್ಕೂ ಅದು ಉಳಿದಿತ್ತು, ಆಮೇಲೆ ಕಳೆದುಹೋಯಿತು. ಲೋಕ ಚೆನ್ನಾಗಿರುವುದನ್ನು ಇಟ್ಟುಕೊಂಡು ತಡವರಿಸಿದ್ದನ್ನು ಬಿಟ್ಟುಬಿಟ್ಟಿತು. ಆದರೆ ಮಿಲೋವಿಗಾಗಿ ಆಡಿದ್ದು ಯಾವುದು? ಕಳೆದುಹೋದದ್ದೇ ಅಲ್ಲವೆ? ಬರೆದದ್ದು ಸಿಸೆರೋವಿನ ಕೀರ್ತಿಗೆ ಬಂತು, ಮಿಲೋವಿಗೆ ಮೀನಿನ ಜೊತೆ ನಂಜಿಕೊಳ್ಳಲು ಬಂತು.

ಬರೆದ ಭಾಷಣದಲ್ಲಿ ಎಲ್ಲವೂ ಸತ್ಯವೆಂದೂ ನಾನು ಹೇಳಲಾರೆ. ಕ್ಲೋಡಿಯಸ್ ಹೊಂಚು ಹಾಕಿ ಕುಳಿತಿದ್ದ, ಮಿಲೋ ಆತ್ಮರಕ್ಷಣೆ ಮಾಡಿಕೊಂಡ ಎಂಬುದು ಅದರ ವಾದ. ಛತ್ರದ ಸುದ್ದಿಯೇ ಇಲ್ಲ. ಅಸ್ಕೋನಿಯಸನ ಪ್ರಕಾರ ಇಬ್ಬರೂ ಆ ದಿನ ಹೊಂಚು ಹಾಕಿರಲಿಲ್ಲ, ಎದುರಾದದ್ದು ಆಕಸ್ಮಿಕ. ಆದರೂ ವಕೀಲನ ಮಾನ ಉಳಿಸುವ ಒಂದು ಸಂಗತಿಯನ್ನು ಅವನೇ ಹೇಳುತ್ತಾನೆ. ಕ್ಲೋಡಿಯಸ್ ದೇಶಕ್ಕೆ ಪೀಡೆಯಾಗಿದ್ದ, ಕೊಂದದ್ದು ಲೋಕಕಲ್ಯಾಣ ಎಂದೇ ವಾದಿಸು ಎಂದು ಕೆಲವರು ಸಲಹೆ ಕೊಟ್ಟರಂತೆ. ಸಿಸೆರೋ ಒಪ್ಪಲಿಲ್ಲ. ದೇಶದ ಹಿತಕ್ಕಾಗಿ ಒಬ್ಬನಿಗೆ ಶಿಕ್ಷೆ ವಿಧಿಸಬಹುದು. ವಿಚಾರಣೆಯಿಲ್ಲದೆ ಕೊಲ್ಲಬಹುದೆಂದಾಗದು ಎಂಬುದು ಅವನ ನಿಲುವು. ಹೆದರಿದವನು ಹಿಡಿಯುವ ಸುಲಭದ ದಾರಿ ಅದಲ್ಲ.

ಹೆದರಿಕೆಗೆ ಕಾರಣವೂ ಇತ್ತು. ಮಿಲೋವಿಗೆ ಶಿಕ್ಷೆಯಾಗಲಿ ಎಂಬುದು ಪಾಂಪೆಯ ಇಚ್ಛೆಯೆಂದು ಊರಿಗೆಲ್ಲ ಗೊತ್ತಿತ್ತು. ಆರೋಪದ ಕಡೆ ವಾದಿಸಿದ ಮೂವರಲ್ಲಿ ಒಬ್ಬ ಮಾರ್ಕ್ ಆಂಟನಿ. ಒಂಬತ್ತು ವರ್ಷಗಳ ತರುವಾಯ ಅವನ ಸಿಪಾಯಿಗಳೇ ಸಿಸೆರೋವನ್ನು ಕೊಂದರು. ಅವನ ತಲೆಯನ್ನೂ ಕೈಯನ್ನೂ ತಂದು, ಅವನು ನಿಂತು ಮಾತನಾಡುತ್ತಿದ್ದ ವೇದಿಕೆಯ ಮೇಲೆಯೇ ಪ್ರದರ್ಶಿಸಿದರು. ಅಂಥ ಊರಿನಲ್ಲಿ ಅಂದು ಮಿಲೋವಿನ ಪರ ಬಾಯಿ ತೆರೆದು ವಾದಿಸಿದವನು ಸಿಸೆರೋ ಒಬ್ಬನೇ. ಕೆಲವು ದಿನಗಳಲ್ಲಿಯೇ, ಛತ್ರದ ಮೇಲೆ ಬಿದ್ದ ತಂಡದ ಮುಂದಾಳುವಾಗಿದ್ದ ಸೌಫೀಯಸನ ವಿಚಾರಣೆ ಬಂತು. ಸಿಸೆರೋ ಇನ್ನೊಬ್ಬ ವಕೀಲನೊಡನೆ ಮತ್ತೆ ಎದ್ದು ನಿಂತ. ಆ ಸಲ ಕಕ್ಷಿಗಾರ ಒಂದೇ ಒಂದು ಮತದಿಂದ ಬಿಡುಗಡೆಯಾದ. ಮೀನಿನ ಕಥೆ ಹೇಳುವವರು ಈ ಒಂದು ಮತದ ಕಥೆಯನ್ನು ಹೇಳುವುದಿಲ್ಲ. ನಾನೂ ಹೇಳುತ್ತಿರಲಿಲ್ಲ.

ನನ್ನ ಕಥೆಗೂ ಒಂದು ಬಾಲವಿದೆ. ಅರ್ಜಿ ವಜಾ ಆದ ವಾರಕ್ಕೆ ಆರೋಪಿಯ ಅಣ್ಣ ಫೀಸಿನ ಬಾಕಿ ಹಿಡಿದುಕೊಂಡು ಬಂದ. ಮನಸ್ಸು ತಡೆಯದೆ ಹನ್ನೊಂದು ಪುಟಗಳನ್ನೂ ಅವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದ. “ಇದನ್ನ ಅವತ್ತೇ ಯಾಕೆ ಹೇಳಲಿಲ್ಲ ಸ್ವಾಮಿ?” ಎಂದ. ಮಿಲೋವಿನ ಮಾತಿನಲ್ಲಿದ್ದ ಕುಹಕ ಇವನಲ್ಲಿರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. “ಹೆದರಿಕೆಯಾಯಿತಪ್ಪ” ಎಂದೆ. ಬೇರೆ ಉತ್ತರ ತೋಚಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮಗೂ ಆಗಿತ್ತು. ಅದಕ್ಕೇ ನಮ್ಮೋರು ಯಾರೂ ಒಳಕ್ಕೆ ಬರಲಿಲ್ಲ” ಎಂದು ಹೇಳಿ, ಹಣವನ್ನು ಎಣಿಸಿ ಮೇಜಿನ ಮೇಲಿಟ್ಟ. ಮುಂದಿನ ವಾಯಿದೆ ಎಂದು ಎಂಬುದನ್ನು ಕೇಳಿಕೊಂಡು ಹೊರಟುಹೋದ.

ಮೊಕದ್ದಮೆಯನ್ನು ಮುಂದೆ ರಾಯರೇ ನಡೆಸಿದರು. ಅದರ ಫಲ ಇಲ್ಲಿ ಬೇಡ. ಪ್ರತಿ ವಾಯಿದೆಗೂ ಅವರ ಪಕ್ಕದಲ್ಲಿ ನಾನಿದ್ದೆ. ಗಂಟಲು ಒಣಗುವುದು ನಿಂತಿತೆಂದು ಹೇಳಲಾರೆ. ಇಂದಿಗೂ ಪೂರ್ತಿ ನಿಂತಿಲ್ಲ. ಒಣಗಿದ ಗಂಟಲಿನಲ್ಲಿ ಎಷ್ಟು ಮಾತು ಹೊರಡುತ್ತದೆಯೋ ಅಷ್ಟನ್ನು ಆ ಗಳಿಗೆಯಲ್ಲಿಯೇ ಹೇಳಿಬಿಡುವುದನ್ನು ಕಲಿತೆ, ಅಷ್ಟೆ.

ಅಳಿಯನಿಗೆ ಅವನ ಪುಸ್ತಕವನ್ನು ಹಿಂದಿರುಗಿಸಿದೆ. “ಹೇಗಿತ್ತು ಮಾವ?” ಎಂದ. “ವಕೀಲ ಬಹಳ ಜಾಣ. ಒಂದು ಲೋಟ ನೀರು ಕೇಳಿದ್ದರೆ ನಂಬಿಬಿಡುತ್ತಿದ್ದೆ” ಎಂದೆ.